ಗಂಟು ಕಟ್ಟಿದ್ದೆಲ್ಲ ಗುಂಡಿಗೆ

ಬಸ್ಸಿನಲ್ಲಿ ಜನ ಏನೇನು ಮರೆತು ಹೋಗುತ್ತಾರೆ ಎಂಬುದನ್ನು ದೊಡ್ಡಕ್ಕನ ಬಾಯಿಂದಲೇ ಕೇಳಬೇಕು. ಕೊಡೆ, ಕನ್ನಡಕ, ಊಟದ ಡಬ್ಬಿ, ಹಲ್ಲುಸೆಟ್ಟು. ಒಂದೇ ಕಾಲಿನ ಚಪ್ಪಲಿ. ಒಮ್ಮೆ ಹೊಚ್ಚಹೊಸ ಬಾಗಿಲ ಚಿಲಕ, ಒಮ್ಮೆ ಕಾಲು ಕಟ್ಟಿದ ಕೋಳಿ. ಮರೆಯದೆ ಬೇಕೆಂದೇ ಬಿಟ್ಟು ಹೋಗುವುದೂ ಇದೆ. ವಾಂತಿ, ಎಂಜಲು, ಹಣ್ಣಿನ ಸಿಪ್ಪೆ, ಮಗುವಿನ ಹೇಲು ಒರೆಸಿದ ಬಟ್ಟೆ. ಹನ್ನೊಂದು ವರ್ಷದಿಂದ ಎರಡನ್ನೂ ಎತ್ತಿದ್ದು ಅವಳ ಕೈ.

ದೊಡ್ಡಕ್ಕ ಅಂದರೆ ಅಲ್ಲಿ ಯಾರ ಒಡಹುಟ್ಟಿದವಳೂ ಅಲ್ಲ. ಡಿಪೊದ ಷೆಡ್ಡಿನಲ್ಲಿ ಬಸ್ಸು ತೊಳೆಯುವ ಹೆಂಗಸರಲ್ಲಿ ಹಿರಿಯಳು, ಅಷ್ಟೇ. ಗುತ್ತಿಗೆಯ ಕೆಲಸ. ಬೆಳಗಿನ ಟ್ರಿಪ್ ಮುಗಿಸಿ ಬಸ್ಸುಗಳು ಹತ್ತೂವರೆಗೆ ಷೆಡ್ಡಿಗೆ ಬರುತ್ತವೆ, ಎರಡಕ್ಕೆ ಮತ್ತೆ ಹೊರಡುತ್ತವೆ. ಅಷ್ಟರೊಳಗೆ ಇಬ್ಬರು ಹನ್ನೆರಡು ಬಸ್ಸು ತೊಳೆಯಬೇಕು. ಸೀಟಿನ ಅಡಿಗೆ ನಿಂತುಕೊಂಡು ಕೈ ಹೋಗುವುದಿಲ್ಲ, ಮಂಡಿಯೂರಬೇಕು. ಅಂಟಿದ್ದನ್ನು ಮೊಂಡು ಚಾಕುವಿನಿಂದ ಕೆರೆಯಬೇಕು. ಕರೆ ಹೋಗಲೆಂದು ಬಕೆಟ್ಟಿಗೆ ಹಾಕುವ ನೀಲಿ ನೀರು ಅವಳ ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಮಂಡಿಯ ಚರ್ಮ ಚಪ್ಪಲಿಯ ಅಟ್ಟೆಯಂತೆ ದಪ್ಪಗಾಗಿತ್ತು. ಒಂದು ಬಸ್ಸಿನಿಂದ ಇಳಿದು ಇನ್ನೊಂದಕ್ಕೆ ಹತ್ತುವ ನಡುವೆ ಸಿಗುವ ಹತ್ತು ಹೆಜ್ಜೆಯಲ್ಲಿ ಬೆನ್ನು ನೆಟ್ಟಗಾಗುತ್ತಿತ್ತು.

ಜೊತೆಗಾತಿಗೆ ಚಟಪಟ ಎಂದು ಹೆಸರು. ಸೇರಿದ ದಿನದಿಂದ ಅವಳ ಬಾಯಿಗೆ ಬಿಡುವಿಲ್ಲ. ಸೀಟಿನ ಕೆಳಗೆ ತಲೆ ಹಾಕಿಕೊಂಡೂ ಮಾತಾಡುತ್ತಿದ್ದಳು.

ಷೆಡ್ಡಿನ ಎದುರಿಗೆ ಕಚೇರಿ. ಅದರ ಕೆಳಗಿನ ಅಂತಸ್ತಿನಲ್ಲಿ ಮರೆತ ಸಾಮಾನಿನ ಕೋಣೆ. ಅಲ್ಲಿನ ಗುಮಾಸ್ತ ಬಹಳ ಅಚ್ಚುಕಟ್ಟಿನ ಮನುಷ್ಯ. ಕಪಾಟಿನಲ್ಲಿ ಪ್ರತಿ ಚೀಲಕ್ಕೂ ದಾರ ಕಟ್ಟಿ ಚೀಟಿ ತೂಗುಬಿಡುತ್ತಿದ್ದ. ಚೀಟಿಯಲ್ಲಿ ಬಸ್ಸು, ದಿನ, ಸೀಟು, ಬಣ್ಣ. ಚೀಲದೊಳಗೆ ಫೋನ್ ನಂಬರ್ ಸಿಕ್ಕಿದರೆ ತಾನೇ ಫೋನ್ ಮಾಡುತ್ತಿದ್ದ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಸಹಿ ಹಾಕಿಸಿಕೊಂಡು ಕಳಿಸುತ್ತಿದ್ದ. ಅವನ ಬರವಣಿಗೆ ಮುತ್ತಿನಂತಿದೆ ಎಂದು ಮೇಲಿನ ಸಾಹೇಬರು ಬಂದವರಿಗೆಲ್ಲ ಅವನು ಸಾಮಾನು ಬರೆದಿಡುವ ಪುಸ್ತಕ ತೋರಿಸುತ್ತಿದ್ದರು.

ಆದರೆ ಆ ಪುಸ್ತಕಕ್ಕೆ ಎಲ್ಲವೂ ಹತ್ತುವುದಿಲ್ಲ. ದೊಡ್ಡಕ್ಕ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಹೇಳಿದ್ದ.

"ಜಿಪ್ಪಿರೋ ಚೀಲ ನನ್ನ ಕಪಾಟಿಗೆ. ಗಂಟು ಕಟ್ಟಿದ್ದೆಲ್ಲ ಗುಂಡಿಗೆ. ತಿಗಣೆ, ಹೇನು, ಹಳಸಿದ್ದು, ಅದನ್ನೆಲ್ಲ ಬರೀತಾ ಕೂತ್ರೆ ನಾನು ಮನೆಗೆ ಹೋಗೋದು ಯಾವಾಗ?"

ಇದು ಯಾವ ಕಾಗದದಲ್ಲೂ ಇಲ್ಲ. ಅವನ ಬಾಯಲ್ಲಿತ್ತು, ಷೆಡ್ಡಿನವರ ಕೈಯಲ್ಲಿತ್ತು. ಬಟ್ಟೆಯಲ್ಲಿ ಕಟ್ಟಿದ್ದು, ಗೋಣಿಯಲ್ಲಿ ಸುತ್ತಿದ್ದು, ಪ್ಲಾಸ್ಟಿಕ್ ಕವರಿನ ಕಿವಿ ಬಿಗಿದದ್ದು ಎಲ್ಲ ಷೆಡ್ಡಿನ ಹಿಂದಿನ ಗುಂಡಿಗೆ. ಬೆಳಿಗ್ಗೆ ಗುಜರಿಯವನ ಗಾಡಿ ಬಂದು ಗುಂಡಿ ಖಾಲಿ ಮಾಡುತ್ತದೆ. ಗಂಟಿನ ಒಡೆಯರು ಮರುದಿನ ಹುಡುಕಿಕೊಂಡು ಬಂದರೆ ಪುಸ್ತಕದಲ್ಲಿ ಇರುವುದಿಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೆ ಬಂದೇ ಇಲ್ಲ.

ಗಂಟು ಬಿಚ್ಚಿ ನೋಡಬಾರದೇ ಎಂದು ಕೇಳುವವರು ಕೇಳಬಹುದು. ಒಮ್ಮೆ ಬಿಚ್ಚಿದ್ದಳು. ಒಂಬತ್ತು ವರ್ಷದ ಹಿಂದೆ, ಒಳಗೆ ವಿಳಾಸವೇನಾದರೂ ಇದ್ದೀತೆಂದು. ವಿಳಾಸವಿತ್ತು. ಹೆಮ್ಮೆಯಿಂದ ಗುಮಾಸ್ತನ ಮೇಜಿನ ಮೇಲೆ ಇಟ್ಟಳು. ಸಂಜೆ ಗಂಟಿನವರು ಬಂದು ಉಂಗುರ ಕಾಣುತ್ತಿಲ್ಲ ಎಂದರು. ಗೇಟಿನಮ್ಮ, ಅಂದರೆ ಗೇಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡುವವಳು, ದೊಡ್ಡಕ್ಕನನ್ನು ಟೈರುಗಳ ಕೋಣೆಗೆ ಕರೆದೊಯ್ದು ಮೈಮೇಲಿನ ಒಂದೊಂದೇ ಬಟ್ಟೆ ತೆಗೆಸಿದಳು. ಬಾಗಿಲಿಗೆ ಅಗುಳಿ ಇರಲಿಲ್ಲ. ಹೊರಗೆ ಡ್ರೈವರುಗಳ ನಗು ಕೇಳುತ್ತಿತ್ತು. ಮೂರು ದಿನದ ಮೇಲೆ ಉಂಗುರ ಅವರ ಮನೆಯಲ್ಲೇ ಸಿಕ್ಕಿತಂತೆ. ಆ ಸುದ್ದಿಯನ್ನು ಯಾರೂ ಅವಳಿಗೆ ಬಂದು ಹೇಳಲಿಲ್ಲ, ಕಂಡಕ್ಟರುಗಳು ಮಾತಾಡಿಕೊಳ್ಳುವಾಗ ಕಿವಿಗೆ ಬಿತ್ತು. ಅಂದಿನಿಂದ ಅವಳು ಯಾರ ಗಂಟನ್ನೂ ಬಿಚ್ಚಲಿಲ್ಲ. ಅಂದಿನಿಂದಲೇ ದಿನವೂ ಕೆಲಸ ಬಿಟ್ಟು ಹೊರಡುವಾಗ ಗೇಟಿನಲ್ಲಿ ಹೆಂಗಸರು ತುರುಬು ಬಿಚ್ಚಿ, ಚೀಲ ಮಗುಚಿ, ಸೊಂಟದ ಸುತ್ತ ಕೈಯಾಡಿಸಲು ಬಿಟ್ಟು ನಿಲ್ಲಬೇಕೆಂದಾಯಿತು.

ಆ ದಿನ ಏಳನೇ ಬಸ್ಸಿನ ಕಡೇ ಸೀಟಿನ ಕೆಳಗೆ ಒಂದು ಗಂಟಿತ್ತು. ಹಸಿರು ಚೌಕುಳಿಯ ಹಳೇ ಹೊದಿಕೆಯ ತುಂಡು, ನಾಲ್ಕು ಮೂಲೆ ಸೇರಿಸಿ ಎರಡು ಸಲ ಬಿಗಿದ ಗಂಟು. ಎಳೆದಾಗ ಭಾರವಿತ್ತು. ಬಟ್ಟೆಯ ಮೇಲಿಂದ ಕೈಗೆ ಕಬ್ಬಿಣ ಸಿಕ್ಕಿತು, ಉದ್ದದ ಪಟ್ಟಿಗಳು. ನಡುವೆ ಏನೋ ಮೆತ್ತನೆಯದು. ಅವಳ ಕೈ ಒಂದು ಗಳಿಗೆ ಅಲ್ಲೇ ನಿಂತಿತು.

ಗಾರೆಯವನ ಸಾಮಾನಿರಬೇಕು ಎಂದಳು ಚಟಪಟ. "ಪಾಪ ಕಣಕ್ಕ, ಕರಣೆ ಇಲ್ಲಿ ಬಿಟ್ಟು ಇವತ್ತು ಗೋಡೆಗೆ ಅಂಗೈಯಲ್ಲೇ ಮೆತ್ತುತಾ ಇರ್ತಾನೆ."

ದೊಡ್ಡಕ್ಕ ನಕ್ಕಳು. ನಗುತ್ತಲೇ ಹೋಗಿ ಗುಂಡಿಗೆ ಹಾಕಿದಳು. ಇನ್ನೂ ಐದು ಬಸ್ಸು ಬಾಕಿಯಿತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಮನೆಯೆಂದರೆ ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಗಂಡ ಒಂದು ಕಾಲಕ್ಕೆ ಮೂಟೆ ಹೊರುತ್ತಿದ್ದವನು. ಲಾರಿಯಿಂದ ಬಿದ್ದು ಬೆನ್ನುಮೂಳೆ ಹೋದ ಮೇಲೆ ಗೋಡೆಗೆ ಒರಗಿ ಕೂತು ನೆರೆಹೊರೆಯವರ ಕೊಡೆ ರಿಪೇರಿ ಮಾಡುತ್ತಾನೆ. ಮಗಳು ಗಂಡನನ್ನು ಬಿಟ್ಟು ಬಂದು ವರ್ಷವಾಗಿತ್ತು, ಜೊತೆಗೆ ಹತ್ತು ತಿಂಗಳ ಕೂಸು. ಆ ಕೂಸು ಅಂದು ಮಂಚದ ಕಾಲು ಹಿಡಿದು ಮೊದಲ ಬಾರಿಗೆ ಎದ್ದು ನಿಂತಿತು. ಮಂಡಿ ನಡುಗುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಆದರೂ ನಿಂತಿತು. ಮಗಳು ಹಾಲಿನ ಬಟ್ಟಲು ಹಿಡಿದವಳು ಹಾಗೇ ನಿಂತುಬಿಟ್ಟಳು.

"ನೋಡೇ," ಎಂದ ಗಂಡ. "ಈ ಮನೇಲಿ ನೆಟ್ಟಗೆ ನಿಲ್ಲೋಳು ಇವಳೊಬ್ಬಳೇ."

ದೊಡ್ಡಕ್ಕ ಆ ನಗುವನ್ನು ಹೊತ್ತುಕೊಂಡೇ ಕೆಲಸಕ್ಕೆ ಬಂದಿದ್ದಳು.

ಹತ್ತು ಗಂಟೆಗೆ ಅವಳು ಕಚೇರಿಯ ಪಡಸಾಲೆ ಒರೆಸುತ್ತಿದ್ದಾಗ ಆ ಹೆಂಗಸು ಬಂದಳು. ಕಟ್ಟಡದ ಕೆಲಸದವಳು. ಕೂದಲ ಬುಡದಲ್ಲಿ ಸಿಮೆಂಟು ಕೂತಿತ್ತು, ಉಗುರಿನಲ್ಲೂ. ಸೊಂಟದ ಮೇಲೆ ಆರು ವರ್ಷದ ಹುಡುಗಿ. ಎತ್ತಿಕೊಳ್ಳುವ ವಯಸ್ಸಲ್ಲ. ತಾಯಿಯ ಸೊಂಟ ಒಂದು ಕಡೆಗೆ ವಾಲಿಹೋಗಿತ್ತು.

ಕಿಟಕಿಯ ಮುಂದೆ ಸಾಲಿತ್ತು. ಸಾಲು ಮುಗಿಯುವವರೆಗೆ ನಿಲ್ಲಲಾರದೆ ಅವಳು ಮಗುವನ್ನು ಗೋಡೆಯ ಬದಿ ನೆಲದ ಮೇಲೆ ಇಳಿಸಿದಳು. ಹುಡುಗಿಯ ಕಾಲುಗಳು ಹೊರಳಿ ಬಿದ್ದವು, ಯಾರೋ ಎಸೆದ ಹಗ್ಗದ ತುಂಡುಗಳ ಹಾಗೆ. ಅವಳೇ ಕೈಯಿಂದ ಒಂದೊಂದನ್ನೇ ಎತ್ತಿ ನೇರ ಮಾಡಿಕೊಂಡಳು.

"ಅಜ್ಜಿ," ಎಂದಳು ದೊಡ್ಡಕ್ಕನಿಗೆ. "ಎಲ್ಲಾ ಕಡೆ ಒದ್ದೆ ಮಾಡ್ತಾ ಇದ್ದೀಯಲ್ಲ, ಕೂರೋರು ಎಲ್ಲಿ ಕೂರಬೇಕು?"

ದೊಡ್ಡಕ್ಕ ಒಣಬಟ್ಟೆ ತಂದು ಅವಳ ಸುತ್ತ ಒರೆಸಿದಳು. ಹೆಸರೇನು ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಗುಬ್ಬಿ ಅಂತಾರೆ, ಶಾಲೆಗೆ ಸೇರಿದ ಮೇಲೆ ಬೇರೆ ಹೇಳ್ತೀನಿ ಎಂದಳು ಹುಡುಗಿ.

ಅಷ್ಟರಲ್ಲಿ ತಾಯಿಯ ಸರದಿ ಬಂತು. ಅವಳ ಮುಂದಿದ್ದವನು ಮರೆತ ಕೊಡೆಯನ್ನು ಪಡೆದು, ಗುಮಾಸ್ತನ ಕೈ ಕುಲುಕಿ ಹೋದ. ಏನು ಕಳೆದದ್ದು ಎಂದು ಕೇಳಿದ ಗುಮಾಸ್ತ.

"ನಮ್ಮ ಮಗೂ ಕಾಲು," ಎಂದಳು ಆಕೆ.

ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. ಬಿಡಿಸಿ ಹೇಳಿದಳು. ಕಾಲಿಗೆ ಹಾಕುವ ಕಬ್ಬಿಣ. ಎರಡೂ ಕಾಲಿಗೆ, ಅಳತೆ ತೆಗೆದು ಮಾಡಿದ್ದು, ಕೆಳಗೆ ಬೂಟು, ಮೇಲೆ ಚರ್ಮದ ಪಟ್ಟಿ. ದೊಡ್ಡ ಆಸ್ಪತ್ರೆಯವರು ಎಂಟು ತಿಂಗಳು ಕಾಯಿಸಿ ಕೊಟ್ಟು ಮೂರೇ ದಿನವಾಗಿತ್ತು. ಹೊಸದು, ತೊಡೆಗೆ ಉಜ್ಜುತ್ತದೆಂದು ಮಗು ಅತ್ತಿತ್ತು. ಬಸ್ಸಿನಲ್ಲಿ ಬಿಚ್ಚಿ ಹೊದಿಕೆಯ ತುಂಡಿನಲ್ಲಿ ಕಟ್ಟಿಟ್ಟಿದ್ದಳು. ಇಳಿಯುವಾಗ ಮಗು ನಿದ್ದೆಹೋಗಿತ್ತು. ಹೆಗಲ ಮೇಲೆ ಮಗು, ಹಿಂದಿನಿಂದ ನೂಕುವ ಜನ, ಇಳಿ ಇಳಿ ಎನ್ನುವ ಕಂಡಕ್ಟರು. ಹಸಿರು ಚೌಕುಳಿ ಬಟ್ಟೆ, ಎರಡು ಸಲ ಬಿಗಿದ ಗಂಟು.

ದೊಡ್ಡಕ್ಕನ ಕೈಯಲ್ಲಿದ್ದ ಒರೆಸುವ ಕೋಲು ನಿಂತಿತು. ಅಂಗೈಗೆ ನಿನ್ನೆಯ ಕಬ್ಬಿಣ ಮತ್ತೆ ತಾಕಿತು.

ಗುಮಾಸ್ತ ಪುಸ್ತಕವನ್ನು ಅವಳ ಕಡೆ ತಿರುಗಿಸಿ, ನಿನ್ನೆಯ ಹಾಳೆಯ ಮೇಲೆ ಬೆರಳಾಡಿಸಿದ. ಇಲ್ಲ. ಅಂಥದ್ದು ಬಂದಿಲ್ಲ. ಹಾಗಾದರೆ ಕಳೆದು ಹೋಗಿದೆ ಎಂದಾದರೂ ಒಂದು ಕಾಗದ ಕೊಡಿ ಎಂದಳು ಆಕೆ. ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಕೇಳಿದ್ದಳು. ಎರಡು ವರ್ಷಕ್ಕೆ ಒಂದು ಜೊತೆ, ಮಧ್ಯೆ ಬೇಕಾದರೆ ಬಸ್ಸಿನವರು ಬರೆದುಕೊಡಬೇಕು, ಇಲ್ಲದಿದ್ದರೆ ನೀವು ಮಾರಿಕೊಂಡಿರಿ ಅಂತಲೇ ಲೆಕ್ಕ ಎಂದಿದ್ದರಂತೆ. ಶಾಲೆಯವರೂ ನಡೆಯುವ ಹಾಗಿದ್ದರೆ ಕರೆದುಕೊಂಡು ಬಾ ಎಂದಿದ್ದರು. ಇನ್ನು ಹದಿನೈದು ದಿನ.

"ನಮ್ಮ ಹತ್ರ ಬರದೇ ಇರೋದು ಹೋಯ್ತು ಅಂತ ನಾನು ಹೆಂಗಮ್ಮ ಬರೀಲಿ?" ಎಂದ ಗುಮಾಸ್ತ. ದನಿಯಲ್ಲಿ ಕೋಪವಿರಲಿಲ್ಲ. ಹೇಳುತ್ತಾ ಅವಳ ತಲೆಯ ಮೇಲಿಂದ ದೊಡ್ಡಕ್ಕನನ್ನು ನೋಡಿದ. ಬರೀ ನೋಡಿದ.

ದೊಡ್ಡಕ್ಕ ತಲೆ ತಗ್ಗಿಸಿ ನೆಲ ಒರೆಸಿದಳು.

ಆಕೆ ಮಗುವನ್ನು ಮತ್ತೆ ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲು ಇಳಿದು ಹೋದಳು. ಬರುತ್ತೇನೆ ಅಜ್ಜಿ ಎಂದು ಹುಡುಗಿ ಕೈ ಬೀಸಿದಳು. ದೊಡ್ಡಕ್ಕ ಒಂದೇ ಕಲ್ಲನ್ನು ಒರೆಸುತ್ತಿದ್ದಳು. ಅದು ಆಗಲೇ ಚೊಕ್ಕವಾಗಿತ್ತು. ಮತ್ತೆ ಒರೆಸಿದಳು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಷೆಡ್ಡಿನ ಹಿಂದಕ್ಕೆ ಓಡಿದಳು. ಐವತ್ನಾಲ್ಕು ವರ್ಷದ ಮಂಡಿ ಓಡುವಂಥದ್ದಲ್ಲ, ಆದರೂ ಓಡಿದಳು.

ಗುಂಡಿ ಖಾಲಿ. ಗುಜರಿಯವನು ಏಳಕ್ಕೇ ಬಂದು ಹೋಗಿದ್ದ. ತಳದಲ್ಲಿ ಒದ್ದೆ ಕಾಗದ, ಒಂದು ಹರಿದ ಚಪ್ಪಲಿ.

ಗೇಟಿನಲ್ಲಿ ಗೇಟಿನಮ್ಮ ತಡೆದಳು. ಕೆಲಸದ ಹೊತ್ತಿನಲ್ಲಿ ಹೊರಗೆ ಹೋಗುವವಳು ಏನು ಒಯ್ಯುತ್ತಿದ್ದಾಳೋ ಯಾರು ಕಂಡರು. ತುರುಬು ಬಿಚ್ಚು ಎಂದಳು. ದೊಡ್ಡಕ್ಕ ಬಿಚ್ಚಿದಳು. ಬೆರಳುಗಳು ನೆತ್ತಿಯಲ್ಲಿ ಓಡಾಡಿದವು, ಕಂಕುಳಿಗೆ ಇಳಿದವು, ಸೊಂಟಕ್ಕೆ ಬಂದವು. ಗೇಟಿನ ಕಂಬಿಯ ಆಚೆ, ರಸ್ತೆಯ ಬದಿಯಲ್ಲಿ, ವಾಲಿದ ಸೊಂಟದ ಹೆಂಗಸು ಸಣ್ಣಗಾಗುತ್ತಿದ್ದಳು. ಕಾಲೆತ್ತು, ಚಪ್ಪಲಿ ತೋರಿಸು ಎಂದಳು ಗೇಟಿನಮ್ಮ. ಒಂದು ಕಾಲು. ಇನ್ನೊಂದು ಕಾಲು.

ಬಿಚ್ಚಿದ ಕೂದಲಲ್ಲೇ ಓಡಿ ಬಸ್ ಸ್ಟಾಪಿನಲ್ಲಿ ಹಿಡಿದಳು. ಉಸಿರು ತಿರುಗುವ ಮೊದಲೇ ಹೇಳಿಬಿಟ್ಟಳು, ತಡಮಾಡಿದರೆ ಹೇಳಲಾರೆನೆಂದು.

"ನಿಮ್ಮ ಗಂಟು ಬಂದಿತ್ತು. ನಾನೇ ಎಸೆದೆ."

ಆಕೆ ಮಗುವನ್ನು ಇನ್ನೊಂದು ಬದಿಯ ಸೊಂಟಕ್ಕೆ ಬದಲಿಸಿಕೊಂಡಳು. ನಂತರ ಕೇಳಿದಳು, "ಕೈಗೆ ಕಬ್ಬಿಣ ಸಿಗಲಿಲ್ವಾ?"

"ಸಿಕ್ತು."

"ಸಿಕ್ಕೂ ಎಸೆದ್ಯಾ?"

"ಸಿಕ್ಕೂ ಎಸೆದೆ."

ಗುಬ್ಬಿ ಒಮ್ಮೆ ಅವಳ ಮುಖ, ಒಮ್ಮೆ ತಾಯಿಯ ಮುಖ ನೋಡಿದಳು. ಆಕೆ ಬೈಯಲಿಲ್ಲ, ಕೈಯೆತ್ತಲಿಲ್ಲ. ಕಚೇರಿಯವರು ಎಸೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ, ನೀನೂ ಗಂಟು ಕಟ್ಟಿಕೊಂಡು ಓಡಾಡುವವಳೇ ಅಲ್ಲವಾ ಎಂದಳು. ಹೌದು ಎಂದಳು ದೊಡ್ಡಕ್ಕ. ಅವಳ ಮಧ್ಯಾಹ್ನದ ಬುತ್ತಿಯೂ ಷೆಡ್ಡಿನ ಮೊಳೆಗೆ ಬಟ್ಟೆಯ ಗಂಟಿನಲ್ಲೇ ತೂಗುತ್ತಿತ್ತು.

ಗುಜರಿಯ ಅಂಗಳ ಎರಡು ಮೈಲಿ. ಮಗುವನ್ನು ಇಬ್ಬರೂ ಸರದಿಯಲ್ಲಿ ಹೊತ್ತರು. ದೊಡ್ಡಕ್ಕನ ಬೆನ್ನಿನ ಮೇಲಿದ್ದಾಗ ಹುಡುಗಿ ಆ ಕಬ್ಬಿಣದ ಕತೆ ಹೇಳಿದಳು. ಹಾಕಿಕೊಂಡು ನಿಂತರೆ ಕಿಟಕಿಯ ಆಚೆ ಕಾಣುತ್ತದಂತೆ. ಅಲ್ಲಿ ಒಂದು ನಾಯಿ ಇದೆಯಂತೆ, ಬರೀ ಬೊಗಳುವುದನ್ನು ಕೇಳಿದ್ದಳಂತೆ, ಮೊನ್ನೆಯೇ ಅದರ ಮುಖ ಕಂಡದ್ದಂತೆ. ಕೆಟ್ಟ ಮುಖ ಎಂದಳು.

ಗುಜರಿಯವನು ಕಬ್ಬಿಣ ಒಂದು ಕಡೆ, ಚರ್ಮ ಒಂದು ಕಡೆ, ಚಿಂದಿ ಒಂದು ಕಡೆ ಬೇರ್ಪಡಿಸಿ ಆಗಿತ್ತು. ಹಸಿರು ಚೌಕುಳಿ ಬಟ್ಟೆ ಚಿಂದಿಯ ಮೇಲೇ ಸಿಕ್ಕಿತು. ಮೂವರೂ ಕಬ್ಬಿಣದ ರಾಶಿ ಕೆದಕಿದರು, ಅವನೂ ಸೇರಿ. ಬಲಗಾಲಿನದು ಇಡಿಯಾಗಿ ಸಿಕ್ಕಿತು, ಚರ್ಮದ ಪಟ್ಟಿಗಳನ್ನು ಕತ್ತರಿಸಿದ್ದರೂ ಬೂಟು ಇತ್ತು. ಎಡಗಾಲಿನದರಲ್ಲಿ ಎರಡು ಕಬ್ಬಿಣದ ಪಟ್ಟಿ ಮಾತ್ರ, ಸುತ್ತಿಗೆ ಪೆಟ್ಟಿಗೆ ನಡುವಿನಲ್ಲಿ ಬಾಗಿದ್ದವು. ಬೂಟು ಬೆಳಿಗ್ಗೆಯೇ ಚರ್ಮದ ಲೋಡಿನ ಜೊತೆ ಹೋಗಿತ್ತು. ಗುಜರಿಯವನು ಬಾಗಿದ ಪಟ್ಟಿಯನ್ನು ಮಂಡಿಗೆ ಒತ್ತಿ ನೇರ ಮಾಡಲು ನೋಡಿದ. ಆಗಲಿಲ್ಲ. ಕಾಲು ಅಂತ ಯಾರಿಗೆ ಗೊತ್ತು, ಗಂಟಿನಲ್ಲಿ ಬಂದದ್ದು ಎಂದು ತನಗೆ ತಾನೇ ಗೊಣಗಿಕೊಂಡ.

ಗುಬ್ಬಿ ಆ ಒಂದು ಕಬ್ಬಿಣವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. "ಒಂದೇ ಕಾಲಲ್ಲಿ ನಿಲ್ಲೋಕೆ ನಾನೇನು ಕೊಕ್ಕರೆನಾ?" ಎಂದಳು. ಯಾರೂ ನಗಲಿಲ್ಲ ಎಂದು ನೋಡಿ ಅಳತೊಡಗಿದಳು.

ಆಗ ತಾಯಿ ಹೇಳಿದ್ದು ಇಷ್ಟು. ಕಾಗದ ಬೇಕು. ಬಂದಿತ್ತು, ಹಾಳಾಯಿತು ಎಂದು ಬಸ್ಸಿನವರದೇ ಮುದ್ರೆಯ ಕಾಗದ. ಅದಿಲ್ಲದೆ ಎರಡು ವರ್ಷ ಮಗು ನೆಲದ ಮೇಲೆ.

ಸಂಜೆ ದೊಡ್ಡಕ್ಕ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಕಾಗದ ಬರೆಯಬೇಕಾದರೆ ಗಂಟು ಬಂದಿತ್ತು ಎಂದು ಬರೆಯಬೇಕು. ಬಂದಿತ್ತು ಎಂದರೆ ಎಸೆದವರು ಯಾರು ಎಂದೂ ಬರೆಯಬೇಕು. ಗುಮಾಸ್ತ ತನ್ನ ಹೆಸರು ಬರೆದುಕೊಳ್ಳುತ್ತಾನೆಯೇ? ಗುತ್ತಿಗೆಯವಳನ್ನು ತೆಗೆಯಲು ಒಂದು ಹಾಳೆ ಸಾಕು. ಗಂಡ ಕೊಡೆಯ ಕಡ್ಡಿಯನ್ನು ಬಗ್ಗಿಸುತ್ತಾ ಕೂತಿದ್ದ, ತಲೆಯೆತ್ತಲಿಲ್ಲ. ಮಗಳು ಎದ್ದು ನಿಂತಳು.

"ಆ ಮಗೂಗೆ ಕಾಲಿಲ್ಲ. ಈ ಮಗೂಗೆ ಹಾಲಿಲ್ಲದ ಹಾಗೆ ಮಾಡ್ತೀಯಾ?"

ದೊಡ್ಡಕ್ಕ ಕೂಸನ್ನು ಎತ್ತಿಕೊಂಡು ಅದರ ಪಾದವನ್ನು ಕೈಯಲ್ಲಿ ಹಿಡಿದು ಕೂತಳು. ಗಂಡ, ಟೈರಿನ ಕೋಣೆಯಿಂದ ಬಂದ ದಿನವೂ ನೀನು ಹೀಗೇ ಕೂತಿದ್ದೆ, ಒಂದು ಮಾತೂ ಆಡಿರಲಿಲ್ಲ, ನಾನೂ ಕೇಳಿರಲಿಲ್ಲ ಎಂದ. ಮತ್ತೆ ಕಡ್ಡಿ ಬಗ್ಗಿಸಿದ.

ಬೆಳಿಗ್ಗೆ ಅವಳು ಒರೆಸುವ ಕೋಲು ಮುಟ್ಟಲಿಲ್ಲ. ಕಿಟಕಿಯ ಮುಂದಿನ ಸಾಲಿನಲ್ಲಿ ಹೋಗಿ ನಿಂತಳು. ಮುಂದೆ ನಾಲ್ಕು ಜನ, ಹಿಂದೆ ಐದಾರು. ಷೆಡ್ಡಿನ ಖಾಕಿ ಬಟ್ಟೆಯವಳು ಸಾಲಿನಲ್ಲಿ ನಿಂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅವಳ ಸರದಿ ಬಂದಾಗ ಗುಮಾಸ್ತ ತಲೆಯೆತ್ತಿ, ಏನು, ಬಕೆಟ್ ಒಡೆಯಿತಾ ಎಂದು ಕೇಳಿದ.

"ಹಸಿರು ಚೌಕುಳಿ ಗಂಟು," ಎಂದಳು. "ಮೊನ್ನೆ ಬಂದಿತ್ತು. ನಾನು ಗುಂಡಿಗೆ ಹಾಕಿದೆ. ಒಳಗೆ ಮಗೂ ಕಾಲಿನ ಕಬ್ಬಿಣ ಇತ್ತು."

ಕೈಯಲ್ಲಿ ರಸೀದಿ ಹಿಡಿದ ಒಬ್ಬ ಹೆಂಗಸು, ಮಗುವಿನದಾ ಎಂದು ಕೇಳಿದಳು. ಗುಮಾಸ್ತ ಆ ಹೆಂಗಸನ್ನು ನೋಡಿದ, ಸಾಲನ್ನು ನೋಡಿದ. ಅವನ ದನಿ ಸಾಲಿನ ಕೊನೆಯವರಿಗೂ ಕೇಳುವಷ್ಟು ಎದ್ದಿತು. ಯಾರನ್ನು ಕೇಳಿ ಎಸೆದೆ, ಸರ್ಕಾರಿ ಜಾಗದಲ್ಲಿ ಸಿಕ್ಕ ಸಾಮಾನು ನಿನ್ನ ಅಪ್ಪನ ಮನೆಯದಾ ಎಂದ. ಇದಕ್ಕೆ ಏನಾಗುತ್ತದೆ ಗೊತ್ತಾ ಎಂದ.

"ಗೊತ್ತು. ಬರೀರಿ," ಎಂದಳು ದೊಡ್ಡಕ್ಕ.

ಅವನು ಹಾಳೆ ತೆಗೆದ. ಕೆಳಗೆ ಕಾರ್ಬನ್ ಇಟ್ಟ. ಅವಳು ಒಂದೊಂದಾಗಿ ಹೇಳಿದಳು. ಬಸ್ಸಿನ ನಂಬರ್. ದಿನ. ಕಡೇ ಸೀಟು, ಎಡಬದಿ. ಎರಡು ಕಾಲಿನ ಕಬ್ಬಿಣ, ಎರಡು ಬೂಟು, ಚರ್ಮದ ಪಟ್ಟಿ, ಹೊಸದು. ಎಷ್ಟು ವಿವರ ಬಂದರೆ ತಪ್ಪು ಅಷ್ಟು ದೊಡ್ಡದಾಗುತ್ತದೆಂದು ಅವನು ಒಂದನ್ನೂ ಬಿಡದೆ ಬರೆದ. ಬರವಣಿಗೆಯಲ್ಲಿ ಅವನದು ಎತ್ತಿದ ಕೈ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ನಂಬಿಯೇ ಬಂದಿದ್ದಳು. ಕೊನೆಗೆ ಅವನು ಬರೆದದ್ದು: ಇಂಥ ವಸ್ತುವನ್ನು ಈಕೆ ಕಚೇರಿಗೆ ಒಪ್ಪಿಸದೆ ನಾಶಮಾಡಿದ್ದಾಳೆ, ಆದ್ದರಿಂದ ಇಂದಿನಿಂದ ಕೆಲಸದಿಂದ ತೆಗೆಯಲಾಗಿದೆ. ಮೇಲಕ್ಕೆ ಒಯ್ದು ಸಾಹೇಬರ ಸಹಿ, ದುಂಡನೆಯ ಮುದ್ರೆ ಹಾಕಿಸಿಕೊಂಡು ಕಾಲು ಗಂಟೆಯಲ್ಲಿ ಬಂದ. ಎರಡು ಪ್ರತಿ. ಒಂದು ಅವನಿಗೆ, ಒಂದು ಅವಳಿಗೆ.

ದೊಡ್ಡಕ್ಕ ಓದು ಕಲಿತದ್ದು ಮಗಳ ಶಾಲೆಯ ಪುಸ್ತಕದಿಂದ. ಬೆರಳಿಟ್ಟು, ತುಟಿಯಾಡಿಸುತ್ತಾ, ನಿಧಾನವಾಗಿ ಓದಿದಳು. ಸಾಲಿನವರು ಕಾದರು. ಎಲ್ಲ ಇತ್ತು. ಒಂದು ಇರಲಿಲ್ಲ. ಅವಳು ಪೆನ್ನು ತೆಗೆದುಕೊಂಡು ಎರಡರ ಮೇಲೂ ಸಹಿ ಹಾಕಿದಳು. ಸಹಿಯ ಕೆಳಗೆ, ಎರಡರಲ್ಲೂ, ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು: ಗಂಟು ಕಟ್ಟಿದ್ದೆಲ್ಲ ಗುಂಡಿಗೆ ಹಾಕು ಎಂದವರು ಗುಮಾಸ್ತರು. ಹನ್ನೊಂದು ವರ್ಷ ಹಾಕಿದ್ದೇನೆ.

"ಏನು ಗೀಚಿದೆ ಅಲ್ಲಿ?"

"ಓದಿ. ಜೋರಾಗಿ ಓದಿ, ಸಾಲಲ್ಲಿ ಇರೋರಿಗೂ ಕೇಳಲಿ."

ಅವನು ಓದಲಿಲ್ಲ. ಅವಳ ಪ್ರತಿಗೆ ಕಿಟಕಿಯಿಂದ ಕೈಚಾಚಿದ. ಅವಳು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಕಿಟಕಿಯ ಕೈ ಅಷ್ಟು ದೂರ ಬರುವುದಿಲ್ಲ. ಮುದ್ರೆ ಬಿದ್ದ ಹಾಳೆ, ಮತ್ತೊಂದು ಬರೆಯಬೇಕಾದರೆ ಮತ್ತೆ ಮೇಲಕ್ಕೆ ಹೋಗಬೇಕು, ಯಾಕೆ ಎಂದು ಹೇಳಬೇಕು. ರಸೀದಿ ಹಿಡಿದಿದ್ದ ಹೆಂಗಸು ಕಾಗದದ ಮೇಲೆ ಬಗ್ಗಿ ಆ ಎರಡು ಸಾಲನ್ನು ತುಟಿಯಲ್ಲೇ ಓದಿದಳು. ಓದಿ ಗುಮಾಸ್ತನ ಹಿಂದಿದ್ದ ಕಪಾಟನ್ನು ನೋಡಿದಳು. ಚೀಟಿ ಕಟ್ಟಿದ ಚೀಲಗಳು ಸಾಲಾಗಿ ಕೂತಿದ್ದವು. ಒಂದಾದರೂ ಗಂಟಿರಲಿಲ್ಲ.

ದೊಡ್ಡಕ್ಕ ಷೆಡ್ಡಿಗೆ ಹೋಗಿ ತನ್ನ ಸಾಮಾನು ತೆಗೆದುಕೊಂಡಳು. ಒಂದು ಲೋಟ, ಬಾಚಣಿಗೆ, ಮುರಿದ ಕನ್ನಡಿ, ಮಂಡಿಗೆ ಕಟ್ಟುವ ಬಟ್ಟೆಯ ಪಟ್ಟಿ. ಬುತ್ತಿಯ ಬಟ್ಟೆ ಹಾಸಿ ಎಲ್ಲವನ್ನೂ ಇಟ್ಟು ಗಂಟು ಕಟ್ಟಿದಳು. ಚಟಪಟ ಮೂರನೇ ಬಸ್ಸಿನಿಂದ ಇಳಿದವಳು ಅಲ್ಲೇ ನಿಂತಿದ್ದಳು. ಕೈಯಲ್ಲಿ ಯಾರದೋ ಗೋಣಿಯ ಗಂಟು. ಹಿಂದೆ ಗುಂಡಿ, ಎದುರಿಗೆ ಕಚೇರಿ. ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ದೊಡ್ಡಕ್ಕ ಅವಳಿಗೆ ಏನೂ ಹೇಳಲಿಲ್ಲ. ಅವಳಿಗೂ ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು.

ಗೇಟಿನಲ್ಲಿ ಗೇಟಿನಮ್ಮ ಅಡ್ಡ ನಿಂತು ತುರುಬು ಬಿಚ್ಚು, ಗಂಟು ಬಿಚ್ಚು ಎಂದಳು.

"ಬಿಚ್ಚಲ್ಲ."

ಗೇಟಿನಮ್ಮನಿಗೆ ಕೇಳಿಸಿತೋ ಇಲ್ಲವೋ ಎಂಬಂತೆ ಕೈ ಮುಂದೆ ಬಂತು. ದೊಡ್ಡಕ್ಕ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಳು. ನೀಲಿ ನೀರು ತಿಂದ ಬೆರಳಾದರೂ ಹನ್ನೊಂದು ವರ್ಷ ಬಟ್ಟೆ ಹಿಂಡಿದ ಬೆರಳು.

"ಕೆಲಸದವಳನ್ನ ತಾನೆ ನೀನು ಮುಟ್ಟೋದು? ಅರ್ಧ ಗಂಟೆ ಆಯ್ತು ನನ್ನ ತೆಗೆದು. ಕಾಗದ ಇದೆ. ಕೈ ತೆಗಿ."

ಗೇಟಿನಮ್ಮ ಕಾಗದವನ್ನು ಓದಿದಳು. ಎರಡು ಸಲ ಓದಿದಳು. ಕೊನೆಯ ಸಾಲಿನ ಹತ್ತಿರ ಅವಳ ಕಣ್ಣು ನಿಂತಿತು. ಟೈರಿನ ಕೋಣೆ ಅವಳಿಗೂ ನೆನಪಾಯಿತೋ ಏನೋ, ಅವಳ ಮುಖದಿಂದ ಅದು ತಿಳಿಯಲಿಲ್ಲ. ಕಾಗದ ಹಿಂದಕ್ಕೆ ಕೊಟ್ಟು ಅಡ್ಡಗಂಬಿ ಎತ್ತಿದಳು.

ಹಿಂದಿನ ದಿನ ಮಾತಾಡಿಕೊಂಡಂತೆ ತಾಯಿ ಮಗು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕಾಯುತ್ತಿದ್ದರು. ಗುಬ್ಬಿಯ ಬಲಗಾಲಿಗೆ ಕಬ್ಬಿಣವನ್ನು ಹಗ್ಗದಿಂದ ಬಿಗಿದಿದ್ದರು, ಎಡಗಾಲು ಹಾಗೇ ತೂಗುತ್ತಿತ್ತು. ಆಕೆಗೆ ಓದಲು ಬಾರದು. ದೊಡ್ಡಕ್ಕ ಪೂರಾ ಓದಿ ಹೇಳಿದಳು, ಕೆಲಸದಿಂದ ತೆಗೆಯಲಾಗಿದೆ ಎಂಬಲ್ಲಿಯೂ ದನಿ ತಗ್ಗಿಸಲಿಲ್ಲ. ಇದರಿಂದ ಕಾಲು ಬರುತ್ತಾ ಎಂದು ಕೇಳಿದಳು ಆಕೆ. ಕೊಡಲೇಬೇಕು, ಮುದ್ರೆ ಇದೆ ಎಂದಳು ದೊಡ್ಡಕ್ಕ. ಕೊಟ್ಟರೂ ಮತ್ತೆ ಎಂಟು ತಿಂಗಳು ಕಾಯಿಸುತ್ತಾರೆ, ಶಾಲೆಗೆ ಹದಿನಾಲ್ಕೇ ದಿನ ಇರುವುದು ಎಂದಳು ಆಕೆ. ಅದು ಇಬ್ಬರಿಗೂ ಗೊತ್ತಿತ್ತು. ಕಾಗದವನ್ನು ನಾಲ್ಕಾಗಿ ಮಡಚಿ ಎದೆಯೊಳಗೆ ಇಟ್ಟುಕೊಂಡಳು.

"ನನ್ನ ಸಿಟ್ಟು ಹೋಗಿಲ್ಲ," ಎಂದಳು.

"ಹೋಗೋದು ಬೇಡ," ಎಂದಳು ದೊಡ್ಡಕ್ಕ.

ಅವರ ಬಸ್ಸು ಮೊದಲು ಬಂತು. ಹತ್ತಿಸುವಾಗ ಗುಬ್ಬಿ ಕಬ್ಬಿಣದ ಕಾಲಿನಿಂದ ಮೆಟ್ಟಿಲಿಗೆ ಟಣ್ಣೆಂದು ಬಡಿದು, ಕೇಳಿಸಿತಾ ಅಜ್ಜಿ ಎಂದಳು. ಕೇಳಿಸಿತು ಎಂದಳು ದೊಡ್ಡಕ್ಕ.

ಎರಡು ಗಂಟೆ ದಾಟಿದ ಮೇಲೆ ಅವಳ ಬಸ್ಸು ಬಂತು. ಅವಳೇ ತೊಳೆಯುತ್ತಿದ್ದ ಬಸ್ಸು, ಏಳನೆಯದು. ಪ್ರಯಾಣಿಕಳಾಗಿ ಹತ್ತಿದ್ದು ಅದೇ ಮೊದಲು. ಕಿಟಕಿಯ ಬದಿ ಕೂತು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮನೆಯಲ್ಲಿ ಮಗಳಿಗೆ ಏನು ಹೇಳಬೇಕೆಂದು ಇನ್ನೂ ತಿಳಿದಿರಲಿಲ್ಲ. ಜನ ತುಂಬಿದರು. ಕಂಡಕ್ಟರು ಸೀಟುಗಳ ನಡುವೆ ತೂರಿಕೊಂಡು ಬಂದ.

"ಅಮ್ಮಾ, ಆ ಗಂಟು ಸೀಟಿನ ಕೆಳಗಿಡಿ. ಜಾಗ ಇಲ್ಲ."

ದೊಡ್ಡಕ್ಕ ಎರಡೂ ಕೈಯಿಂದ ಗಂಟನ್ನು ಹಿಡಿದುಕೊಂಡಳು.

"ಇಡಲ್ಲ," ಎಂದಳು.